ತುತ್ತು ಒಲ್ಲದ ಮಗು

ಅಂಗನವಾಡಿ ಕಾರ್ಯಕರ್ತೆ: ಆರು ತಿಂಗಳು ತುಂಬಿದ ಮಗುವಿಗೆ ರಾಗಿ ಸರಿ ತಿನ್ನಿಸಲು ಹೋದರೆ ನಾಲಿಗೆಯಿಂದ ಹೊರಗೆ ತಳ್ಳುತ್ತದೆ. ಮರುದಿನವೂ ಅದೇ, ಮೂರನೆಯ ದಿನವೂ ಅದೇ. ‘ಇದಕ್ಕೆ ರಾಗಿ ಸೇರುವುದಿಲ್ಲ’ ಎಂದು ಮನೆಯವರು ಅಲ್ಲಿಗೆ ಕೈಬಿಡುತ್ತಾರೆ. ನಿಜವಾಗಿ ಸೇರುವುದಿಲ್ಲವೇ ಮೇಡಂ?

ವೈದ್ಯೆ: ಸೇರುವ, ಸೇರದಿರುವ ಮಾತು ಇನ್ನೂ ಬಂದೇ ಇಲ್ಲ ಟೀಚರ್. ಆ ಮಗುವಿಗೆ ಹುಟ್ಟಿದಂದಿನಿಂದ ಗೊತ್ತಿರುವುದು ಚೀಪುವುದೊಂದೇ. ಚೀಪುವಾಗ ನಾಲಿಗೆ ಮುಂದಕ್ಕೆ ಬಂದು ಹಿಂದಕ್ಕೆ ಹೋಗುತ್ತದೆ. ಗಟ್ಟಿಯಾದದ್ದೇನಾದರೂ ತುದಿನಾಲಿಗೆಗೆ ತಾಗಿದರೆ ತಾನಾಗಿ ಹೊರಗೆ ನೂಕುವ ಪ್ರತಿವರ್ತನೆಯೂ ಹುಟ್ಟಿನಿಂದಲೇ ಇರುತ್ತದೆ; ಗಂಟಲಿಗೆ ಏನೂ ಸಿಕ್ಕಿಕೊಳ್ಳದಂತೆ ಕಾಯುವುದು ಅದರ ಕೆಲಸ. ನಾಲ್ಕರಿಂದ ಆರು ತಿಂಗಳೊಳಗೆ ಅದು ಮಾಸುತ್ತಾ ಬರುತ್ತದೆ, ಕೆಲವು ಮಕ್ಕಳಲ್ಲಿ ಸ್ವಲ್ಪ ತಡವಾಗಿ. ಸರಿಯನ್ನು ನಾಲಿಗೆಯ ತುದಿಯಿಂದ ಹಿಂದಕ್ಕೆ ಸಾಗಿಸಿ ನುಂಗುವುದು ಹೊಸ ವಿದ್ಯೆ. ಮೊದಲ ವಾರ ಅರ್ಧಕ್ಕಿಂತ ಹೆಚ್ಚು ಗಲ್ಲದ ಮೇಲೆ ಹರಿದರೆ ಮಗು ಕಲಿಯುತ್ತಿದೆ ಎಂದಷ್ಟೇ ತಿಳಿಯಬೇಕು. ನಿರಾಕರಣೆ ಬೇರೆ ರೀತಿ ಕಾಣುತ್ತದೆ: ತುಟಿ ಬಿಗಿಹಿಡಿಯುವುದು, ಮುಖ ತಿರುಗಿಸುವುದು, ಚಮಚವನ್ನು ಕೈಯಿಂದ ತಳ್ಳುವುದು, ಬೆನ್ನು ಸೆಟೆದು ಹಿಂದಕ್ಕೆ ಬಾಗುವುದು.

ಕಾರ್ಯಕರ್ತೆ: ಹಾಗಾದರೆ ಎಷ್ಟು ದಿನಕ್ಕೆ ಶುರು ಮಾಡಬೇಕು? ಗಂಡು ಮಗುವಿಗೆ ಆರನೆಯ ತಿಂಗಳು, ಹೆಣ್ಣು ಮಗುವಿಗೆ ಐದು ಇಲ್ಲವೇ ಏಳನೆಯ ತಿಂಗಳು ಅನ್ನಪ್ರಾಶನ ಎಂಬ ಲೆಕ್ಕ ಎಷ್ಟೋ ಮನೆಗಳಲ್ಲಿದೆ.

ವೈದ್ಯೆ: ಶಾಸ್ತ್ರದ ದಿನ ಬೇರೆ, ಊಟ ಹಿಡಿಸುವ ದಿನ ಬೇರೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಆರು ತಿಂಗಳು ತುಂಬಿದಾಗ, ಅಂದರೆ 180 ದಿನಗಳಾದ ಮೇಲೆ. ಅದರಲ್ಲಿ ಹೆಣ್ಣು ಗಂಡೆಂಬ ಭೇದವಿಲ್ಲ. ಏಳನೆಯ ತಿಂಗಳ ಮುಹೂರ್ತಕ್ಕೆ ಕಾಯುತ್ತಾ ಊಟವನ್ನು ಮುಂದೂಡಬಾರದು, ಐದಕ್ಕೇ ಆತುರಪಡಲೂಬಾರದು. ಆರರಿಂದ ಎಂಟು ತಿಂಗಳ ಮಗುವಿಗೆ ದಿನಕ್ಕೆ ಸುಮಾರು 600 ಕಿಲೋ ಕ್ಯಾಲರಿ ಬೇಕು. ತಾಯಿಯ ಹಾಲಿನಿಂದ ಸರಾಸರಿ 400 ಸಿಗುತ್ತದೆ, ಉಳಿದ 200 ಊಟದಿಂದ ಬರಬೇಕು. ಒಂಬತ್ತರಿಂದ ಹನ್ನೊಂದು ತಿಂಗಳಿಗೆ ಊಟದ ಪಾಲು 300 ಆಗುತ್ತದೆ, ವರ್ಷ ದಾಟಿದ ಮೇಲೆ 550. ಕಬ್ಬಿಣದ ಸಂಗತಿ ಇನ್ನೂ ಬಿಗಿ. ಗರ್ಭದಲ್ಲಿದ್ದಾಗ ಕೂಡಿಟ್ಟುಕೊಂಡ ಕಬ್ಬಿಣ ಆರು ತಿಂಗಳ ಹೊತ್ತಿಗೆ ಕರಗುತ್ತಾ ಬರುತ್ತದೆ, ಎದೆಹಾಲಿನಲ್ಲಿ ಅದರ ಅಂಶ ಬಹಳ ಕಡಿಮೆ.

ವಯಸ್ಸಿನ ಜೊತೆಗೆ ಮೈಯೂ ಸಿದ್ಧವಾಗಿರಬೇಕು. ಸ್ವಲ್ಪ ಆಸರೆ ಕೊಟ್ಟರೆ ಕೂರುತ್ತದೆಯೇ, ಕತ್ತು ನಿಂತಿದೆಯೇ, ದೊಡ್ಡವರ ತಟ್ಟೆಯತ್ತ ಕೈಚಾಚುತ್ತದೆಯೇ ಎಂದು ನೋಡಬೇಕು. ದಿನ ತುಂಬುವ ಮೊದಲೇ ಹುಟ್ಟಿದ ಮಗುವಾದರೆ ಈ ಲೆಕ್ಕವನ್ನು ವೈದ್ಯರ ಹತ್ತಿರವೇ ಹಾಕಿಸಿಕೊಳ್ಳುವುದು ಮೇಲು.

ಕಾರ್ಯಕರ್ತೆ: ಕತ್ತು ನಿಂತಿದ್ದರೂ ಕೂರಿಸುವುದು ಎಲ್ಲಿ? ಕಾಲು ಚಾಚಿ, ಎಣ್ಣೆ ಹಚ್ಚಿ ಎರೆಯುವ ಹಾಗೆ ಮಲಗಿಸಿಕೊಂಡು ಒಳಲೆಯಲ್ಲಿ ಹೊಯ್ಯುತ್ತಾರೆ. ಅತ್ತರೆ ಬಾಯಿ ತೆರೆಯುತ್ತದಲ್ಲ, ಆಗ ಇನ್ನೊಂದು ಗುಟುಕು. ಕೆಲವರು ಮೂಗು ಹಿಡಿಯುವುದೂ ಉಂಟು. ‘ನಮ್ಮ ಮಕ್ಕಳೆಲ್ಲ ಹೀಗೇ ಬೆಳೆದದ್ದು’ ಎಂದು ಅಜ್ಜಿಯರು ಹೇಳಿದರೆ ಬಾಯಿ ಮುಚ್ಚಿಕೊಂಡು ಬರಬೇಕು.

ವೈದ್ಯೆ: ಒಳಲೆಯ ಮೇಲೆ ಅಜ್ಜಿಯರಿಗೆ ಇರುವ ಪ್ರೀತಿ ಅರ್ಥವಾಗುವಂಥದ್ದೇ. ಬೆಳ್ಳಿಯದಾದರೆ ತವರಿನಿಂದ ಬಂದಿರುತ್ತದೆ, ಎರಡು ತಲೆಮಾರು ಅದರಲ್ಲೇ ಕುಡಿದಿರುತ್ತದೆ. ಕೂರಿಸಿಕೊಂಡು, ಮಗು ತಾನೇ ಹೀರುವಷ್ಟು ತುಟಿಗೆ ತಾಗಿಸಿದರೆ ಅದೊಂದು ಒಳ್ಳೆಯ ಬಟ್ಟಲು. ಸೀಸೆಗಿಂತ ಎಷ್ಟೋ ವಾಸಿ, ತೊಳೆಯಲೂ ಸುಲಭ. ಕೆಡುಕು ಪಾತ್ರೆಯದಲ್ಲ, ಮಲಗಿಸಿ ಹೊಯ್ಯುವ ಕೈಯದು. ಅಳುವಾಗ ಮಗು ಉಸಿರನ್ನು ಜೋರಾಗಿ ಒಳಕ್ಕೆ ಎಳೆದುಕೊಳ್ಳುತ್ತದೆ. ಆ ಹೊತ್ತಿಗೆ ಬಾಯಿಯಲ್ಲಿದ್ದದ್ದು ಶ್ವಾಸಕೋಶಕ್ಕೆ ಇಳಿಯಬಹುದು, ನ್ಯುಮೋನಿಯಾಕ್ಕೆ ದಾರಿಯಾಗಬಹುದು. ಮೂಗು ಹಿಡಿದರಂತೂ ಉಸಿರಾಡಲು ಇರುವ ದಾರಿ ಒಂದೇ, ಅದರ ತುಂಬ ಸರಿ.

ಇದು ಮೈಯ ಅಪಾಯವಾಯಿತು. ಮನಸ್ಸಿನ ಮೇಲಾಗುವುದು ನಿಧಾನವಾಗಿ ತೋರುತ್ತದೆ. ಒಂದು ವಾರ ಹೀಗೆ ಹೊಯ್ದ ಮೇಲೆ ಮಗು ಸರಿಯ ರುಚಿ ನೋಡಿ ಅಳುವುದಿಲ್ಲ, ಒಳಲೆಯನ್ನು ಕಂಡೇ ಅಳುತ್ತದೆ. ಇನ್ನೊಂದು ವಾರಕ್ಕೆ ಕಾಲು ಚಾಚಿ ಕುಳಿತ ಅಜ್ಜಿಯನ್ನು ಕಂಡೇ ಅಳುತ್ತದೆ. ಹೊಟ್ಟೆಗೆ ಅರ್ಧ ಬಟ್ಟಲು ಹೋಯಿತು ಎಂಬ ಲೆಕ್ಕ ಸರಿಯಾಗಿಯೇ ಇರುತ್ತದೆ. ಊಟವೆಂದರೆ ಭಯ ಎಂದು ಮಗು ಕಲಿತ ಲೆಕ್ಕವನ್ನು ಮಾತ್ರ ಯಾರೂ ಬರೆದಿಟ್ಟಿರುವುದಿಲ್ಲ. ಬಾಯಿ ಬಿಗಿಹಿಡಿಯುವ ಮಕ್ಕಳಲ್ಲಿ ಬಹಳಷ್ಟು ಮಂದಿ ಹೀಗೆ ತಯಾರಾದವರು.

ಕಾರ್ಯಕರ್ತೆ: ಬಲವಂತ ಬಿಟ್ಟರೆ ತಿನ್ನುವುದೇ ಇಲ್ಲ ಎನ್ನುತ್ತಾರೆ ತಾಯಂದಿರು.

ವೈದ್ಯೆ: ಎರಡು ಮೂರು ದಿನ ಕಡಿಮೆಯಾಗುವುದು ನಿಜ. ಆ ದಿನಗಳನ್ನು ದಾಟುವ ಧೈರ್ಯವೇ ಅವರಿಗೆ ಬೇಕಾದದ್ದು, ನಾವು ಜೊತೆಗಿರಬೇಕಾದದ್ದೂ ಆಗಲೇ. ಅಮೆರಿಕದ ಆಹಾರ ತಜ್ಞೆ ಎಲಿನ್ ಸ್ಯಾಟರ್ ಎಂಬವರು ಊಟದ ಜವಾಬ್ದಾರಿಯನ್ನು ಎರಡು ಪಾಲು ಮಾಡಿದರು. ಏನು, ಯಾವಾಗ, ಎಲ್ಲಿ ಎನ್ನುವುದು ದೊಡ್ಡವರ ಪಾಲು. ತಿನ್ನುವುದೇ ಬೇಡವೇ, ತಿಂದರೆ ಎಷ್ಟು ಎನ್ನುವುದು ಮಗುವಿನ ಪಾಲು. ಹಸುಗೂಸಿನ ವಿಷಯದಲ್ಲಿ ಯಾವಾಗ ಎನ್ನುವುದರಲ್ಲೂ ಮಗುವಿನ ಮಾತು ನಡೆಯುತ್ತದೆ, ವರ್ಷ ಸಮೀಪಿಸಿದ ಹಾಗೆ ಹೊತ್ತು ದೊಡ್ಡವರ ಕೈಗೆ ಬರುತ್ತದೆ. ನಮ್ಮ ಮನೆಗಳಲ್ಲಿ ಈ ಎರಡು ಪಾಲು ಅದಲುಬದಲಾಗಿರುತ್ತದೆ. ಎಷ್ಟು ತಿನ್ನಬೇಕೆಂದು ಅಜ್ಜಿ ತೀರ್ಮಾನಿಸುತ್ತಾಳೆ. ತಿನ್ನದಿದ್ದಾಗ ಬಿಸ್ಕೆಟ್ಟೇ ಬೇಕೆಂದು ಮಗು ತೀರ್ಮಾನಿಸುತ್ತದೆ.

ಕಾರ್ಯಕರ್ತೆ: ಎಷ್ಟು ಬೇಕೆಂದು ಎಂಟು ತಿಂಗಳ ಕೂಸಿಗೆ ತಿಳಿಯುತ್ತದೆ ಎಂದು ನಂಬುವುದು ಹೇಗೆ?

ವೈದ್ಯೆ: ಇದೇ ಪ್ರಶ್ನೆಯನ್ನು ಕ್ಲಾರಾ ಡೇವಿಸ್ ಎಂಬ ವೈದ್ಯೆ 1926ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ಕೈಗೆತ್ತಿಕೊಂಡರು, ಆಮೇಲೆ ಷಿಕಾಗೋದಲ್ಲಿ ಮುಂದುವರಿಸಿದರು. ಆಗತಾನೆ ಹಾಲು ಬಿಡಿಸಿದ ಮಕ್ಕಳು, ಒಟ್ಟು ಹದಿನೈದು. ಧಾನ್ಯ, ಹಣ್ಣು, ತರಕಾರಿ, ಮೊಟ್ಟೆ, ಹಾಲು, ಮಾಂಸ ಎಲ್ಲ ಸೇರಿ 34 ಪದಾರ್ಥಗಳ ಪಟ್ಟಿ. ಪ್ರತಿ ಊಟಕ್ಕೂ ಅವುಗಳಲ್ಲಿ ಕೆಲವನ್ನು ಬೇರೆ ಬೇರೆ ಬಟ್ಟಲಲ್ಲಿ ಮುಂದಿಡುತ್ತಿದ್ದರು. ಮಗು ಕೈತೋರಿಸಿದರೆ ಮಾತ್ರ ನರ್ಸ್ ಚಮಚ ಎತ್ತಬೇಕು. ತಿನ್ನು ಎನ್ನುವಂತಿಲ್ಲ, ಬೇಡ ಎನ್ನುವಂತಿಲ್ಲ. ಒಂದು ಹೊತ್ತಿನ ಊಟ ನೋಡಿದರೆ ಯಾರಿಗೂ ಗಾಬರಿಯಾಗಬೇಕು, ಹಾಗಿತ್ತು ಮಕ್ಕಳ ಆಯ್ಕೆ. ತಿಂಗಳುಗಟ್ಟಲೆಯ ಲೆಕ್ಕ ತೆಗೆದರೆ ಮಕ್ಕಳು ಚೆನ್ನಾಗಿ ಬೆಳೆದಿದ್ದರು. ರಿಕೆಟ್ಸ್ ಇದ್ದ ಒಂದು ಮಗು ಬಟ್ಟಲಲ್ಲಿಟ್ಟ ಕಾಡ್ ಮೀನಿನ ಎಣ್ಣೆಯನ್ನು ತಾನಾಗಿ ಕುಡಿಯಿತು, ವಾಸಿಯಾದ ಮೇಲೆ ಬಿಟ್ಟಿತು. ಇಂದು ಇಂಥ ಪ್ರಯೋಗಕ್ಕೆ ಯಾರೂ ಅನುಮತಿ ಕೊಡಲಾರರು, ಅದು ಬೇರೆ ಮಾತು. ಡೇವಿಸ್ ತಾವೇ ಒಪ್ಪಿಕೊಂಡ ಗುಟ್ಟೊಂದಿದೆ: ಆ ಪಟ್ಟಿಯಲ್ಲಿ ಸಕ್ಕರೆ ಇರಲಿಲ್ಲ, ಕಾರ್ಖಾನೆಯಿಂದ ಬಂದ ತಿಂಡಿಯೂ ಇರಲಿಲ್ಲ. ಆರಿಸುವ ಕೆಲಸ ಮಗುವಿನದು, ಪಟ್ಟಿ ಮಾಡುವ ಕೆಲಸ ದೊಡ್ಡವರದು.

ಕಾರ್ಯಕರ್ತೆ: ನಮ್ಮ ಹಳ್ಳಿಯ ಅಂಗಡಿಯಲ್ಲಿ ಐದು ರೂಪಾಯಿಯ ಬಿಸ್ಕೆಟ್ ಪೊಟ್ಟಣ ಇರುವವರೆಗೆ ಪಟ್ಟಿ ಅಂಗಡಿಯವನದೇ.

ವೈದ್ಯೆ: ಅದಕ್ಕೆ ಉತ್ತರ ಕೊಡುವುದು ಕಷ್ಟ. ಹಾಲಿನಲ್ಲಿ ನೆನೆಸಿದ ಬಿಸ್ಕೆಟ್ಟು ಮೈದಾ, ಸಕ್ಕರೆ, ಎಣ್ಣೆ ಅಷ್ಟೆ. ಸಿಹಿಯ ಮೇಲಿನ ಆಸೆ ಹುಟ್ಟಿನಿಂದ ಬಂದದ್ದು, ಕಹಿ ಹುಳಿಗಳ ಅಂಜಿಕೆಯೂ ಹಾಗೆಯೇ. ಎದೆಹಾಲೂ ಸಿಹಿ. ಆದ್ದರಿಂದ ಬಿಸ್ಕೆಟ್ಟಿಗೆ ಯಾರೂ ಮಗುವನ್ನು ಒಲಿಸಬೇಕಾಗಿಲ್ಲ, ಸೊಪ್ಪಿಗೆ ಒಲಿಸಬೇಕು. ಒಂದು ವರ್ಷದವರೆಗೆ ಸಕ್ಕರೆ ಬೆಲ್ಲ ಎರಡೂ ಬೇಡ, ಉಪ್ಪನ್ನು ಬೇರೆಯಾಗಿ ಹಾಕುವುದೂ ಬೇಡ. ದೊಡ್ಡವರ ನಾಲಿಗೆಗೆ ಸಪ್ಪೆ ಎನಿಸಿದ್ದು ಮಗುವಿಗೆ ಸಪ್ಪೆಯಲ್ಲ. ಜೇನುತುಪ್ಪ ಮಾತ್ರ ವರ್ಷದೊಳಗೆ ಖಡಾಖಂಡಿತ ಬೇಡ, ನೆಕ್ಕಿಸುವುದೂ ಬೇಡ. ಅದರಲ್ಲಿರಬಹುದಾದ ಬೊಟುಲಿಸಂ ರೋಗಾಣುವಿನ ಬೀಜಕಗಳು ಎಳೆಯ ಕರುಳಿನಲ್ಲಿ ಮೊಳೆತು ವಿಷ ಉಂಟುಮಾಡುತ್ತವೆ.

ಕಾರ್ಯಕರ್ತೆ: ಸೊಪ್ಪಿಗೆ ಒಲಿಸುವುದು ಹೇಗೆ? ಒಮ್ಮೆ ಮುಖ ಕಿವುಚಿದರೆ ಮುಗಿಯಿತು.

ವೈದ್ಯೆ: ಮುಖ ಕಿವುಚುವುದನ್ನು ‘ಬೇಡ’ ಎಂದು ಓದಿಕೊಳ್ಳುವುದೇ ತಪ್ಪು. ಹೊಸತನ್ನು ಕಂಡು ಮುಖ ಹಾಗಾಗುತ್ತದೆ. ಮುಖ ಕಿವುಚುತ್ತಲೇ ಮುಂದಿನ ಚಮಚಕ್ಕೆ ಬಾಯಿ ತೆರೆಯುವ ಮಕ್ಕಳನ್ನು ಗಮನಿಸಿದರೆ ಗೊತ್ತಾಗುತ್ತದೆ. ಲೀಆನ್ ಬರ್ಚ್ ಮತ್ತು ಅವರ ಜೊತೆಗಾರರು 1980ರ ದಶಕದಿಂದ ಮಕ್ಕಳ ರುಚಿಯ ಮೇಲೆ ನಡೆಸಿದ ಅಧ್ಯಯನಗಳು ಹೇಳುವುದು ಇಷ್ಟು: ಒಂದು ಹೊಸ ಪದಾರ್ಥ ಒಗ್ಗಲು ಎಂಟು, ಹತ್ತು, ಕೆಲವೊಮ್ಮೆ ಹದಿನೈದು ಸಲ ನಾಲಿಗೆಗೆ ತಾಗಬೇಕು. ಒಂದೇ ದಿನ ಹತ್ತು ಸಲ ಎಂದಲ್ಲ. ಇವತ್ತು ಅರ್ಧ ಚಮಚ, ನಾಡಿದ್ದು ಅರ್ಧ ಚಮಚ, ತಿಂಗಳೆರಡು ತಿಂಗಳು. ಮನೆಯಲ್ಲಿ ಮೂರಕ್ಕೋ ನಾಲ್ಕಕ್ಕೋ ನಿಲ್ಲಿಸುತ್ತಾರೆ, ಇನ್ನೇನು ಒಲಿಯುವ ಹೊತ್ತಿಗೆ.

ಒಗ್ಗಿದ ರುಚಿಯ ಬೆನ್ನಿಗೆ ಹೊಸದನ್ನು ಕಟ್ಟಬಹುದು. ಬಾಳೆಹಣ್ಣು ಇಷ್ಟವಾದರೆ ಕಿವುಚಿದ ಸಿಹಿಗುಂಬಳ, ಅದಾದ ಮೇಲೆ ಕ್ಯಾರೆಟ್, ಅದರಲ್ಲಿ ಸ್ವಲ್ಪ ಪಾಲಕ್. ತೊಗರಿಬೇಳೆ ಅನ್ನ ಒಗ್ಗಿದ್ದರೆ ಅದರಲ್ಲೇ ನುಣ್ಣಗೆ ಬೆಂದ ನುಗ್ಗೆಸೊಪ್ಪಿನ ನಾಲ್ಕು ಎಲೆ. ಇನ್ನೊಂದು ಸಂಗತಿ ತಾಯಂದಿರಿಗೆ ಖುಷಿ ಕೊಡುತ್ತದೆ. ಫಿಲಡೆಲ್ಫಿಯಾದ ಮೋನೆಲ್ ಸಂಶೋಧನಾ ಕೇಂದ್ರದ ಜೂಲಿ ಮೆನ್ನೆಲಾ ಅವರ ತಂಡ 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಸುರಿ ಇಲ್ಲವೇ ಬಾಣಂತಿಯಾಗಿದ್ದಾಗ ಕ್ಯಾರೆಟ್ ರಸ ಕುಡಿದವರ ಮಕ್ಕಳು ಕ್ಯಾರೆಟ್ ಬೆರೆಸಿದ ಸರಿಯನ್ನು ಮೊದಲ ಸಲಕ್ಕೇ ಕಡಿಮೆ ಮುಖ ಕಿವುಚಿ ತಿಂದವು. ತಾಯಿ ಉಂಡ ರುಚಿ ಗರ್ಭದ ನೀರಿಗೂ ಎದೆಹಾಲಿಗೂ ಇಳಿಯುತ್ತದೆ. ಮೆಣಸು ಬೆಳ್ಳುಳ್ಳಿಯ ಸಾರನ್ನ ಒಂದರ ಮೇಲೇ ಬಾಣಂತಿಯನ್ನು ತಿಂಗಳುಗಟ್ಟಲೆ ಇಟ್ಟರೆ ಮಗುವಿಗೂ ಅಷ್ಟೇ ಪರಿಚಯ.

ಕಾರ್ಯಕರ್ತೆ: ಹಸಿವೇ ಇರುವುದಿಲ್ಲ ಎಂಬ ದೂರು ಹೆಚ್ಚು. ಬೆಳಿಗ್ಗೆ ಒಂಬತ್ತಕ್ಕೆ ಸರಿ ಮಾಡಿಟ್ಟುಕೊಂಡು ಹನ್ನೊಂದರವರೆಗೆ ಬೆನ್ನುಹತ್ತುತ್ತಾರೆ.

ವೈದ್ಯೆ: ಎಂಟೂವರೆಗೆ ಹಾಲು ಕುಡಿಸಿರುತ್ತಾರೆ. ಎಂಟು ಕಿಲೋ ತೂಗುವ ಮಗುವಿನ ಹೊಟ್ಟೆ ಹಿಡಿಸುವುದು ಸುಮಾರು 240 ಮಿಲಿಲೀಟರ್, ಒಂದು ಲೋಟದಷ್ಟು. ಹಾಲಿನಿಂದ ತುಂಬಿದ ಲೋಟಕ್ಕೆ ಸರಿ ಎಲ್ಲಿ ಹಿಡಿಸೀತು? ಆರು ಏಳು ತಿಂಗಳಲ್ಲಿ ಹಾಲೇ ಮುಖ್ಯ ಆಹಾರ. ಹಾಲು ಕುಡಿದು ಗಂಟೆ, ಒಂದೂವರೆ ಗಂಟೆಯಾದ ಮೇಲೆ, ಮಗು ತೀರಾ ಹಸಿದು ರಚ್ಚೆ ಹಿಡಿಯುವ ಮೊದಲು ಊಟದ ಹೊತ್ತು. ಒಂಬತ್ತು ತಿಂಗಳ ಮೇಲೆ ಊಟ ಮೊದಲು, ಹಾಲು ಆಮೇಲೆ. ಹಸುವಿನ ಹಾಲನ್ನು ವರ್ಷದೊಳಗೆ ಕುಡಿಯುವ ಹಾಲಾಗಿ ಕೊಡಬಾರದು. ವರ್ಷದ ಮೇಲೂ ದಿನಕ್ಕೆ ಅರ್ಧ ಲೀಟರ್ ದಾಟಿದರೆ ಹಸಿವು ಸಾಯುತ್ತದೆ, ರಕ್ತಹೀನತೆ ಬರುತ್ತದೆ, ರಕ್ತಹೀನತೆಯಿಂದ ಹಸಿವು ಇನ್ನೂ ಸಾಯುತ್ತದೆ. ಸೀಸೆಯಲ್ಲಿ ಕುಡಿಯುವ ಮಕ್ಕಳಲ್ಲಿ ಈ ಸುಳಿ ಹೆಚ್ಚು, ನಿದ್ದೆಗಣ್ಣಲ್ಲೇ ಕುಡಿದು ಮುಗಿಸುತ್ತವಲ್ಲ. ಸೀಸೆಯನ್ನೂ ಪುಡಿಹಾಲನ್ನೂ ಪ್ರಚಾರ ಮಾಡಬಾರದೆಂದು ನಮ್ಮಲ್ಲಿ 1992ರಿಂದ ಕಾನೂನೇ ಇದೆ.

ಬೆನ್ನುಹತ್ತುವ ಮಾತು ಬಂತು. ಒಂದು ಊಟಕ್ಕೆ ಇಪ್ಪತ್ತು ನಿಮಿಷ, ಹೆಚ್ಚೆಂದರೆ ಅರ್ಧ ಗಂಟೆ. ಆಮೇಲೆ ಬಟ್ಟಲು ಎತ್ತಿಡಬೇಕು, ಬೈಯದೆ, ಮುಖ ಊದಿಸಿಕೊಳ್ಳದೆ. ಅಂಗಳ, ಬೀದಿ, ಪಕ್ಕದ ಮನೆಯ ಹಸು, ಬಸ್ಸು ತೋರಿಸುತ್ತಾ ಎರಡು ಗಂಟೆ ಉಣ್ಣಿಸಿದರೆ ಮುಂದಿನ ಹೊತ್ತಿಗೆ ಹಸಿವಿರುವುದಿಲ್ಲ.

ಕಾರ್ಯಕರ್ತೆ: ಚಂದಮಾಮನನ್ನು ತೋರಿಸಿ ತುತ್ತಿಡುವುದು ತಪ್ಪೇ ಹಾಗಾದರೆ? ಈಗಂತೂ ಚಂದಮಾಮನೂ ಇಲ್ಲ, ಮೊಬೈಲು.

ವೈದ್ಯೆ: ಎರಡೂ ಒಂದೇ ಅಲ್ಲ. ಚಂದಮಾಮನನ್ನು ತೋರಿಸುವವಳು ಮಗುವಿನ ಜೊತೆ ಮಾತಾಡುತ್ತಿರುತ್ತಾಳೆ. ಅದರ ಕಣ್ಣು ನೋಡುತ್ತಾಳೆ, ಸಾಕೆಂದಾಗ ಅವಳಿಗೆ ಗೊತ್ತಾಗುತ್ತದೆ. ನಿಧಾನವಾಗಿ, ತಾಳ್ಮೆಯಿಂದ, ಕಣ್ಣಲ್ಲಿ ಕಣ್ಣಿಟ್ಟು ಮಾತಾಡುತ್ತಾ ಉಣ್ಣಿಸಬೇಕು, ಉತ್ತೇಜಿಸಬೇಕು, ಬಲವಂತ ಬೇಡ ಎಂದೇ 2003ರ ಅಂತರರಾಷ್ಟ್ರೀಯ ಮಾರ್ಗಸೂಚಿಯೂ ಹೇಳಿದ್ದು. ಮೊಬೈಲಿನ ಮುಂದೆ ಮಗುವಿನ ಬಾಯಿ ತಾನಾಗಿ ತೆರೆಯುತ್ತದೆ, ಮುಚ್ಚುತ್ತದೆ. ಹಸಿವಿನ ಸುದ್ದಿಯೂ ಹೊಟ್ಟೆ ತುಂಬಿದ ಸುದ್ದಿಯೂ ತಲೆಗೆ ಮುಟ್ಟುವುದಿಲ್ಲ. ವರ್ಷದೊಳಗಿನ ಮಕ್ಕಳಿಗೆ ಪರದೆ ಬೇಡವೇ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ‘ತಿನ್ನದಿದ್ದರೆ ಗುಮ್ಮ ಬರುತ್ತಾನೆ’ ಎನ್ನುವುದು ಒಳಲೆಯ ಬಲವಂತದ ತಂಗಿ.

ಕಾರ್ಯಕರ್ತೆ: ಊಟದ ಹದ ಹೇಗಿರಬೇಕು? ಬೇಳೆ ಕಟ್ಟು, ಗಂಜಿ ತಿಳಿ ಕೊಡುತ್ತೇವೆ ಎನ್ನುತ್ತಾರೆ ಬಹಳಷ್ಟು ಜನ.

ವೈದ್ಯೆ: ಕಟ್ಟಿನಲ್ಲಿ ಬೇಳೆಯ ಪರಿಮಳವಿದೆ, ಬೇಳೆಯಿಲ್ಲ. ಪುಟ್ಟ ಹೊಟ್ಟೆ ನೀರಿನಿಂದ ತುಂಬಿ ಮಗು ಬಾಯಿ ಮುಚ್ಚಿಕೊಂಡರೆ ಅದು ಹಟವಲ್ಲ. ಚಮಚ ಓರೆ ಮಾಡಿದರೆ ಸರಕ್ಕನೆ ಸುರಿಯಬಾರದು, ನಿಲ್ಲಬೇಕು, ಅದೇ ಹದ. ಅದಕ್ಕೆ ಒಂದು ಸಣ್ಣ ಚಮಚ ತುಪ್ಪ ಬಿದ್ದರೆ ಸುಮಾರು 45 ಕಿಲೋ ಕ್ಯಾಲರಿ ಸೇರಿತು, ಗಾತ್ರ ಹೆಚ್ಚಲಿಲ್ಲ.

ಇನ್ನು ಕೆಲವು ಮಕ್ಕಳಿಗೆ ಗಟ್ಟಿ ಸರಿ ಅಂಟಂಟಾಗಿ ನುಂಗಲು ಕಷ್ಟ. ನೀರು ಹಾಕಿ ತೆಳ್ಳಗೆ ಮಾಡಿದರೆ ಸತ್ವ ಹೋಯಿತು. ನಮ್ಮ ಹಿಂದಿನವರು ಇದಕ್ಕೆ ದಾರಿ ಕಂಡುಕೊಂಡಿದ್ದರು. ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಮೊಳಕೆ ಕಟ್ಟಿ, ಒಣಗಿಸಿ, ಘಮ್ಮೆನ್ನುವಷ್ಟು ಹುರಿದು, ಬೀಸಿ, ವಸ್ತ್ರಗಾಳಿ ಹಿಡಿದ ಸರಿ ಹಿಟ್ಟು. ಮೊಳಕೆಯೊಡೆಯುವಾಗ ಹುಟ್ಟುವ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ತುಂಡರಿಸುತ್ತದೆ, ಹಾಗಾಗಿ ಹಿಟ್ಟು ಹೆಚ್ಚಿದ್ದರೂ ಸರಿ ಅಂಟುವುದಿಲ್ಲ. ಮೈಸೂರಿನ ಸಿಎಫ್‌ಟಿಆರ್‌ಐಯಲ್ಲಿ ಮಲ್ಲೇಶಿ ಮತ್ತು ದೇಶಿಕಾಚಾರ್ ಅವರು ಮೊಳಕೆ ರಾಗಿ, ಹೆಸರುಕಾಳು ಸೇರಿಸಿ ಇಂಥದ್ದೇ ಶಿಶು ಆಹಾರವನ್ನು ರೂಪಿಸಿ 1982ರಲ್ಲಿ ಪ್ರಕಟಿಸಿದರು. ಮಾಡಿಟ್ಟ ಗಟ್ಟಿ ಸರಿ ಸ್ವಲ್ಪ ಆರಿದ ಮೇಲೆ ಒಂದು ಚಮಚ ಮೊಳಕೆ ಹಿಟ್ಟು ಕಲಸಿದರೆ ನೋಡನೋಡುತ್ತಲೇ ತೆಳುವಾಗುತ್ತದೆ, ಆಮೇಲೆ ಮತ್ತೊಂದು ಕುದಿ ಬರಿಸಬೇಕು. ಹಿಟ್ಟನ್ನು ಕೆಂಪಗೆ ಹುರಿದರೆ ಮಾತ್ರ ಕಿಣ್ವ ಸತ್ತುಹೋಗಿ ಈ ಉಪಾಯ ನಡೆಯುವುದಿಲ್ಲ. ರಾಗಿಯ ಸುಣ್ಣದಂಶ ದೊಡ್ಡದು, 100 ಗ್ರಾಮಿಗೆ ಸುಮಾರು 350 ಮಿಲಿಗ್ರಾಂ. ಆದರೂ ರಾಗಿ ಒಂದರಲ್ಲೇ ಆರು ತಿಂಗಳು ಕಳೆಯಬಾರದು. ಕಾಳು ಬೇಳೆ, ಮೊಟ್ಟೆ, ಮೀನು ಮಾಂಸ ತಿನ್ನುವ ಮನೆಯಾದರೆ ಅದೂ ಬೇಗ ಸೇರಬೇಕು. ಮೊಟ್ಟೆ, ನುಣ್ಣಗೆ ಅರೆದ ಕಡಲೆಕಾಯಿಯನ್ನು ಅಲರ್ಜಿಯ ಹೆದರಿಕೆಯಿಂದ ತಡಮಾಡುವ ಹಳೆಯ ಸಲಹೆಯನ್ನು ಈಗ ಬಿಟ್ಟಿದ್ದಾರೆ.

ಕಾರ್ಯಕರ್ತೆ: ಒಂದು ವರ್ಷದವರೆಗೂ ಎಲ್ಲವನ್ನೂ ಮಿಕ್ಸಿಗೆ ಹಾಕುವ ಮನೆಗಳಿವೆ. ಒಂದು ಅಗುಳು ಸಿಕ್ಕರೆ ಮಗು ಓಕರಿಸುತ್ತದೆ, ತಾಯಿಯ ಕೈಕಾಲು ತಣ್ಣಗಾಗುತ್ತದೆ.

ವೈದ್ಯೆ: ಮಿಕ್ಸಿ ಬಂದ ಮೇಲೆ ಬಂದ ತೊಂದರೆ ಇದು. ಒರಳಲ್ಲಿ ಅರೆದದ್ದೂ ಕೈಯಲ್ಲಿ ಕಿವುಚಿದ್ದೂ ತರಿತರಿಯಾಗಿ ಇರುತ್ತಿತ್ತು. ಇಂಗ್ಲೆಂಡಿನ ಬ್ರಿಸ್ಟಲ್ ಸುತ್ತಮುತ್ತ 1991–92ರಲ್ಲಿ ಹುಟ್ಟಿದ ಸಾವಿರಾರು ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನವೊಂದಿದೆ. ಹತ್ತು ತಿಂಗಳು ದಾಟಿದ ಮೇಲೆ ತರಿಯಾದ ಊಟ ಕಂಡ ಮಕ್ಕಳಿಗೆ ಉಣ್ಣಿಸುವುದು ಹದಿನೈದು ತಿಂಗಳಲ್ಲಿ ಹೆಚ್ಚು ಕಷ್ಟವಾಗಿತ್ತು. ಒಂಬತ್ತು ತಿಂಗಳ ಮೇಲೆ ಅದನ್ನು ಕಂಡವರು ಏಳನೆಯ ವರ್ಷದಲ್ಲೂ ಹಣ್ಣು ತರಕಾರಿ ಕಡಿಮೆ ತಿನ್ನುತ್ತಿದ್ದರು. ಆರು ತಿಂಗಳಿಗೆ ನುಣ್ಣಗೆ, ಏಳಕ್ಕೆ ಕಿವುಚಿದ್ದು, ಎಂಟು ಒಂಬತ್ತಕ್ಕೆ ಸಣ್ಣ ತರಿ ಮತ್ತು ಕೈಯಲ್ಲಿ ಹಿಡಿದು ತಿನ್ನುವ ಮೆತ್ತನೆಯ ತುಂಡು, ವರ್ಷಕ್ಕೆ ಮನೆಯವರ ಊಟ. ಹಲ್ಲಿಗೆ ಕಾಯಬೇಕಾಗಿಲ್ಲ, ಒಸಡೇ ಸಾಕಷ್ಟು ಗಟ್ಟಿ.

ಓಕರಿಕೆ ಬೇರೆ, ಉಸಿರುಗಟ್ಟುವುದು ಬೇರೆ. ಎಳೆ ಮಕ್ಕಳಲ್ಲಿ ಓಕರಿಕೆ ಬರಿಸುವ ಜಾಗ ನಾಲಿಗೆಯ ಮುಂಭಾಗಕ್ಕೆ ಹತ್ತಿರವಿರುತ್ತದೆ, ಅದರಿಂದ ತುಂಡು ಗಂಟಲು ಮುಟ್ಟುವ ಮೊದಲೇ ಹೊರಬರುತ್ತದೆ. ಮಗು ಕೆಮ್ಮುತ್ತದೆ, ಮುಖ ಕೆಂಪಾಗುತ್ತದೆ, ಸದ್ದು ಮಾಡುತ್ತದೆ. ಆಗ ಸುಮ್ಮನಿರಬೇಕು, ಬಾಯೊಳಗೆ ಬೆರಳು ಹಾಕಬಾರದು. ಸದ್ದೇ ಇಲ್ಲದೆ ತುಟಿ ನೀಲಿಯಾದರೆ ಅದು ಉಸಿರುಗಟ್ಟುವಿಕೆ. ಮುಂಗೈ ಮೇಲೆ ಬೋರಲು ಮಲಗಿಸಿ, ತಲೆ ತಗ್ಗಿಸಿ, ಭುಜಗಳ ನಡುವೆ ಅಂಗೈ ಬುಡದಿಂದ ಐದು ಪೆಟ್ಟು. ಹೋಗದಿದ್ದರೆ ತಿರುಗಿಸಿ ಎದೆಯ ನಡುವೆ ಎರಡು ಬೆರಳಿನಿಂದ ಐದು ಸಲ ಒತ್ತುವುದು. ಹೀಗೆ ಒಂದಾದ ಮೇಲೊಂದು ಮಾಡುತ್ತಲೇ ಸಹಾಯಕ್ಕೆ ಕೂಗಬೇಕು. ನೆಲಗಡಲೆ, ಹುರಿಗಡಲೆ, ಇಡೀ ದ್ರಾಕ್ಷಿ, ಕೊಬ್ಬರಿ ಚೂರು, ಹಸಿ ಕ್ಯಾರೆಟ್ ತುಂಡು ಇವನ್ನು ದೂರವಿಡಬೇಕು.

ಕಾರ್ಯಕರ್ತೆ: ಚಮಚ ಕಂಡರೆ ಅಳುವ ಮಗು ತಟ್ಟೆಗೆ ಕೈಹಾಕುತ್ತದೆ. ಬಟ್ಟೆ, ನೆಲ, ಕೂದಲು ಎಲ್ಲ ಅನ್ನ. ಅದಕ್ಕೆ ಬಿಡುವವರು ಕಡಿಮೆ.

ವೈದ್ಯೆ: ಬಲವಂತಕ್ಕೆ ಸಿಕ್ಕಿ ಹೆದರಿದ ಮಗುವಿಗೆ ಅದೇ ಮದ್ದು. ಒಂದು ವಾರ ಚಮಚ, ಒಳಲೆ ಎರಡನ್ನೂ ಅಟ್ಟದ ಮೇಲಿಟ್ಟು, ದೊಡ್ಡವರು ಉಣ್ಣುವಾಗ ಪಕ್ಕದಲ್ಲಿ ಕೂರಿಸಿಕೊಂಡು, ಅದರ ಮುಂದೊಂದು ತಟ್ಟೆ ಇಡಬೇಕು. ಬೆಂದ ಗೆಣಸಿನ ಕಡ್ಡಿ, ಮೆತ್ತನೆಯ ಇಡ್ಲಿ ತುಣುಕು, ಪಪ್ಪಾಯಿ, ಬೆಂದ ಬೀನ್ಸು. ಯಾರೂ ಅದರ ಬಾಯಿ ನೋಡಬಾರದು. ಮುಟ್ಟಿ ಕಿವುಚಿ ಎಸೆದ ನಂತರ ಬೆರಳು ತಾನೇ ಬಾಯಿಗೆ ಹೋಗುತ್ತದೆ. ಬ್ರಿಟನ್ನಿನ ಜಿಲ್ ರ‍್ಯಾಪ್ಲಿ ಎಂಬವರು 2008ರಲ್ಲಿ ಬಂದ ಪುಸ್ತಕದಲ್ಲಿ ಮೊದಲ ದಿನದಿಂದಲೇ ಮಗು ತಾನೇ ತಿನ್ನಲಿ ಎಂದು ವಾದಿಸಿದ್ದಾರೆ. ಅಷ್ಟು ದೂರ ಹೋಗಬೇಕಾಗಿಲ್ಲ. ಕಬ್ಬಿಣದ ಕೊರತೆ ಹೆಚ್ಚಿರುವ ನಮ್ಮ ಮಕ್ಕಳಿಗೆ ದೊಡ್ಡವರ ಕೈತುತ್ತೂ ಬೇಕು. ಹೆಬ್ಬೆರಳು ತೋರುಬೆರಳು ಸೇರಿಸಿ ಅಗುಳನ್ನು ಹೆಕ್ಕುವ ಶಕ್ತಿ ಒಂಬತ್ತನೆಯ ತಿಂಗಳ ಸುಮಾರಿಗೆ ಬರುತ್ತದೆ, ಆಗ ಹೆಕ್ಕಲು ಏನಾದರೂ ತಟ್ಟೆಯಲ್ಲಿರಬೇಕು.

ಕಾರ್ಯಕರ್ತೆ: ಚೆನ್ನಾಗಿ ತಿನ್ನುತ್ತಿದ್ದ ಮಗು ಇದ್ದಕ್ಕಿದ್ದಂತೆ ಬಿಟ್ಟರೆ? ದೃಷ್ಟಿಯಾಗಿದೆ ಎಂದು ಮೆಣಸಿನಕಾಯಿ, ಉಪ್ಪು ನಿವಾಳಿಸಿ ಒಲೆಗೆ ಹಾಕುತ್ತಾರೆ.

ವೈದ್ಯೆ: ನಿವಾಳಿಸಿ ತೆಗೆದರೆ ಮಗುವಿಗೆ ಕೆಡುಕಿಲ್ಲ, ಒಲೆಯ ಘಾಟು ಮೂಗಿಗೆ ಹೋಗದಿದ್ದರೆ ಸಾಕು. ಜೊತೆಗೆ ಬಾಯೊಳಗೂ ನೋಡಬೇಕು. ಹಲ್ಲು ಬರುವ ಒಸಡು, ನಾಲಿಗೆಯ ಮೇಲೆ ಒರೆಸಿದರೆ ಹೋಗದ ಬಿಳಿ ಅಗ್ರ, ಕಿವಿ ಎಳೆದುಕೊಳ್ಳುವುದು, ಕಟ್ಟಿದ ಮೂಗು, ಮೂರು ದಿನದಿಂದ ಆಗದ ಮಲ. ಮೂಗು ಕಟ್ಟಿದ ಮಗು ಉಸಿರಾಡಬೇಕೋ ನುಂಗಬೇಕೋ ಎಂಬ ಇಕ್ಕಟ್ಟಿನಲ್ಲಿರುತ್ತದೆ. ಕಾಯಿಲೆಯ ದಿನಗಳಲ್ಲಿ ಎದೆಹಾಲು ಹೆಚ್ಚು, ಮೆತ್ತನೆಯದನ್ನು ಸ್ವಲ್ಪ ಸ್ವಲ್ಪವಾಗಿ ಹಲವು ಸಲ. ವಾಸಿಯಾದ ಮೇಲೆ ಎರಡು ವಾರ ಒಂದು ಊಟ ಹೆಚ್ಚು.

ಒಂದು ಕಾರಣವನ್ನು ಮಾತ್ರ ನೀವು ವಿಶೇಷವಾಗಿ ನೆನಪಿಡಬೇಕು ಟೀಚರ್, ಏಕೆಂದರೆ ಮನೆಯವರಿಗೆ ಅದು ಕಾಯಿಲೆ ಎನಿಸುವುದೇ ಇಲ್ಲ. ಮೊಟ್ಟೆ ಮಾಂಸ ಮುಟ್ಟದ, ಹಾಲು ಮೊಸರನ್ನೂ ಅಪರೂಪಕ್ಕೆ ಕಾಣುವ ತಾಯಿ. ಎಂಟು ಹತ್ತು ತಿಂಗಳಾದರೂ ಎದೆಹಾಲೊಂದೇ ಕುಡಿಯುವ, ಊಟ ಮುಟ್ಟದ, ನೋಡಲು ಗುಂಡಗಿದ್ದೂ ಬಿಳಿಚಿಕೊಂಡ ಮಗು. ಬೆರಳ ಗೆಣ್ಣು ಕಪ್ಪಾಗಿರುತ್ತದೆ, ಕೂದಲು ವಿರಳ. ಮೊದಲು ನಗುತ್ತಿದ್ದದ್ದು ಈಗ ನಗುವುದಿಲ್ಲ, ಕೂರುತ್ತಿದ್ದದ್ದು ಕೂರುವುದಿಲ್ಲ, ಕೆಲವೊಮ್ಮೆ ಕೈ ತಲೆ ನಡುಗುತ್ತದೆ. ಬಿ12 ಜೀವಸತ್ವದ ಕೊರತೆ ಇದು, ತಾಯಿಯಿಂದ ಮಗುವಿಗೆ ಬಂದದ್ದು. ಸೂಜಿಮದ್ದು ಬಿದ್ದ ಕೆಲವೇ ದಿನಗಳಲ್ಲಿ ಮಗು ಚುರುಕಾಗುತ್ತದೆ, ತಟ್ಟೆಯತ್ತ ತಿರುಗುತ್ತದೆ. ತಡವಾದಷ್ಟೂ ಮೆದುಳಿನ ಬೆಳವಣಿಗೆಗೆ ಪೆಟ್ಟು. ಇಂಥ ಮಗುವಿನ ಮುಂದೆ ಚಮಚ ಹಿಡಿದು ತಾಳ್ಮೆಯ ಪಾಠ ಹೇಳುತ್ತಾ ಕೂರುವುದು ಅನ್ಯಾಯ, ಅದೇ ದಿನ ಆಸ್ಪತ್ರೆಗೆ ಕಳಿಸಬೇಕು.

ಕಾರ್ಯಕರ್ತೆ: ಹಸಿವಿನ ಟಾನಿಕ್ ಕೇಳುವವರಿಗೆ?

ವೈದ್ಯೆ: ಅಂಗಡಿಯಲ್ಲಿ ಕೊಡುವ ಅಂಥ ಸಿರಪ್ಪುಗಳಲ್ಲಿ ಕೆಲವು ಅಲರ್ಜಿಯ ಔಷಧ, ಮಂಪರು ತರುತ್ತವೆ, ಈ ವಯಸ್ಸಿಗೆ ಸಲ್ಲವು. ಆರು ತಿಂಗಳಿಂದ ವಾರಕ್ಕೆರಡು ಸಲ ಒಂದು ಮಿಲಿಲೀಟರ್ ಕಬ್ಬಿಣದ ಸಿರಪ್ಪನ್ನು ಆಶಾ ಕಾರ್ಯಕರ್ತೆಯರೇ ಮನೆಗೆ ತಂದುಕೊಡುತ್ತಾರಲ್ಲ, ಅದು ತಪ್ಪದೆ ಹೋದರೆ ಸಾಕು.

ಕಾರ್ಯಕರ್ತೆ: ತಿಂದದ್ದು ಸಾಲುತ್ತಿದೆ ಎಂದು ಹೇಗೆ ಹೇಳುವುದು? ಪಕ್ಕದ ಮನೆಯ ಮಗು ಒಂದು ಬಟ್ಟಲು ತಿನ್ನುತ್ತದೆ, ನಮ್ಮದು ಮೂರು ಚಮಚ ಎನ್ನುತ್ತಾರೆ.

ವೈದ್ಯೆ: ತಾಯಿ ಕಾರ್ಡಿನಲ್ಲಿರುವ ಬೆಳವಣಿಗೆಯ ಗೆರೆ ನೋಡಿ, ಪಕ್ಕದ ಮನೆ ನೋಡಬೇಡಿ. ಮೊದಲ ದಿನಗಳಲ್ಲಿ ಎರಡು ಮೂರು ಚಮಚವೇ ಲೆಕ್ಕ. ಎಂಟು ತಿಂಗಳೊಳಗೆ ಅರ್ಧ ಬಟ್ಟಲಿಗೆ ಏರಬೇಕು, ದಿನಕ್ಕೆ ಎರಡು ಮೂರು ಸಲ. ಆಮೇಲೆ ಮೂರು ನಾಲ್ಕು ಸಲ, ನಡುವೆ ಒಂದೆರಡು ತಿಂಡಿ. ಐದು ಆರು ತಿಂಗಳಿಗೆ ಹುಟ್ಟಿದ ತೂಕದ ಎರಡರಷ್ಟಾದ ಮಗು ಮೂರರಷ್ಟಾಗುವುದು ವರ್ಷಕ್ಕೆ. ಬೆಳವಣಿಗೆಯ ವೇಗವೇ ತಗ್ಗುತ್ತದೆ, ಹಸಿವೂ ತಗ್ಗಿದಂತೆ ಕಾಣುತ್ತದೆ. ಗೆರೆ ತನ್ನ ಪಾಡಿಗೆ ಏರುತ್ತಿದ್ದು ಮಗು ಆಡಿಕೊಂಡಿದ್ದರೆ ಮೂರು ಚಮಚ ಅದರ ಇವತ್ತಿನ ಊಟ. ಎರಡು ತಿಂಗಳು ಗೆರೆ ಮಟ್ಟಸವಾದರೆ, ಕೆಳಗಿಳಿದರೆ, ನುಂಗುವಾಗ ಪ್ರತಿ ಸಲ ನೆತ್ತಿಗೆ ಹತ್ತಿದರೆ, ತಿಂದದ್ದೆಲ್ಲ ವಾಂತಿಯಾದರೆ, ಮಲದಲ್ಲಿ ರಕ್ತ ಕಂಡರೆ, ಹತ್ತು ತಿಂಗಳಾದರೂ ತರಿ ಮುಟ್ಟದಿದ್ದರೆ ಮಕ್ಕಳ ವೈದ್ಯರಿಗೆ ತೋರಿಸಬೇಕು.

ಕಾರ್ಯಕರ್ತೆ: ಅಂಗನವಾಡಿಯಿಂದ ಮನೆಗೆ ಕೊಡುವ ಪುಷ್ಟಿ ಹಿಟ್ಟನ್ನು ಮಗು ಒಲ್ಲದಿದ್ದರೆ ದೊಡ್ಡವರು ರೊಟ್ಟಿ ಮಾಡಿಕೊಂಡು ತಿನ್ನುತ್ತಾರೆ. ಅದಕ್ಕೇನು ಹೇಳಲಿ?

ವೈದ್ಯೆ: ಆ ರೊಟ್ಟಿಯಲ್ಲೇ ಒಂದು ತುಣುಕನ್ನು ಮಗುವಿನ ಕೈಗೂ ಕೊಡಲಿ, ಮೆತ್ತಗಿದ್ದರೆ.